ಗಲ್ಲೆಯ ಪಕ್ಕದಲ್ಲೇ ಮೊದಲ ಆ್ಯಪ್

ಜಹೀರಾಬಾದ್, ನಾರಾಯಣಖೇಡ, ತಾಂಡೂರು ಕಡೆಯ ನಮ್ಮ ವ್ಯಾಪಾರಸ್ಥರ ಮನೆಗಳಲ್ಲಿ ಮಕ್ಕಳು ಆ್ಯಪ್ ಮಾಡಲು ಕಲಿಯುತ್ತೇವೆಂದರೆ, ಹಿರಿಯರು ಮೊದಲು ಕೇಳುವುದು ಹೈದರಾಬಾದಿನಲ್ಲಿ ಫೀಸು ಎಷ್ಟೆಂದು. ಫೀಸು ಕಟ್ಟುವ ಮೊದಲು ಮನೆಯಲ್ಲೇ ಒಂದು ಲೆಕ್ಕ ಮಾಡಿಸಿ ನೋಡೋಣ ಎನ್ನುತ್ತೇವೆ ನಾವು.

ತಾಂಡೂರಿನ ಫರಸಿ ಕಲ್ಲು ಚದರ ಅಡಿಯ ಲೆಕ್ಕದಲ್ಲಿ ಮಾರಾಟವಾಗುತ್ತದೆ. ಇಂಚಿನಲ್ಲಿ ಅಳೆದ ಉದ್ದ, ಅಗಲಗಳನ್ನು ಗುಣಿಸಿ, 144ರಿಂದ ಭಾಗಿಸಿ, ಕಲ್ಲುಗಳ ಸಂಖ್ಯೆಯಿಂದಲೂ ದರದಿಂದಲೂ ಗುಣಿಸಿದರೆ ಬಿಲ್ಲು ಸಿದ್ಧ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಆಂಡ್ರಾಯ್ಡ್ ಸ್ಟುಡಿಯೊ ಉಚಿತವಾಗಿ ಸಿಗುತ್ತದೆ. 2019ರಿಂದ ಗೂಗಲ್ ಅದಕ್ಕೆ ಮೊದಲ ಆದ್ಯತೆ ಕೊಟ್ಟಿರುವ ಭಾಷೆ ಕಾಟ್ಲಿನ್. ತೀರಾ ಎಳೆಯರಿಗೆ ಎಂಐಟಿಯ ಆ್ಯಪ್ ಇನ್ವೆಂಟರ್ ಸಾಕು, ಅಲ್ಲಿ ಬ್ಲಾಕ್‌ಗಳನ್ನು ಜೋಡಿಸಿದರಾಯಿತು. ದರದ ಜಾಗ ಖಾಲಿ ಬಿಟ್ಟು ಬಟನ್ ಒತ್ತಿದರೆ ಆ್ಯಪ್ ನಿಂತುಹೋಗಬಹುದು. ಏಕೆ ನಿಂತಿತೆಂದು ಹುಡುಕುವುದರಲ್ಲೇ ಅರ್ಧ ವಿದ್ಯೆ ಬರುತ್ತದೆ!

ಮನೆಯಲ್ಲಿ ಕನ್ನಡ, ಗಿರಾಕಿಗೆ ತೆಲುಗು. ಇದಕ್ಕೂ ಆಂಡ್ರಾಯ್ಡ್‌ನಲ್ಲಿ ಏರ್ಪಾಡಿದೆ. ಭಾಷೆಗೊಂದು ಫೋಲ್ಡರಿನಲ್ಲಿ ಪದಗಳನ್ನಿಟ್ಟರೆ, ಫೋನಿನ ಭಾಷೆ ನೋಡಿ ಆ್ಯಪ್ ತಾನೇ ಬದಲಾಗುತ್ತದೆ.

ಪ್ಲೇ ಸ್ಟೋರ್‌ನಲ್ಲಿ ಹಾಕಲು ಒಮ್ಮೆ 25 ಡಾಲರ್ ಕಟ್ಟಬೇಕು, ಅದಕ್ಕೆ ಆತುರ ಬೇಡ. ಉದ್ರಿ ಖಾತೆಯನ್ನಂತೂ ಈ ಮೊದಲ ಆ್ಯಪಿಗೆ ಒಪ್ಪಿಸಬೇಡಿ. ಬ್ಯಾಕಪ್ ಇಲ್ಲದಿದ್ದರೆ ಫೋನು ಕಳೆದ ದಿನವೇ ಬಾಕಿಯ ಲೆಕ್ಕವೂ ಹೋಗುತ್ತದೆ.