ಮೆಟ್ಟಿಲೇರಲಾರದವರೊಡನೆ ವಸ್ತುಸಂಗ್ರಹಾಲಯಕ್ಕೆ

ಊರಿನಿಂದ ತಂದೆತಾಯಿಗಳು ಮುಂಬಯಿಗೆ ಬರುವುದು ಹೆಚ್ಚಾಗಿ ಎರಡು ಕಾರಣಗಳಿಂದ: ಮೊಮ್ಮಗುವಿನ ಮುಖ ನೋಡಲು, ಇಲ್ಲವೆ ಆಸ್ಪತ್ರೆಗೆ ತೋರಿಸಿಕೊಳ್ಳಲು. ತಿಂಗಳೊಪ್ಪತ್ತು ಮಗನ ಖೋಲಿಯಲ್ಲಿದ್ದು, ಎದುರು ಚಾಳಿನ ಗೋಡೆಯನ್ನೂ ಆಸ್ಪತ್ರೆಯ ಬೆಂಚುಗಳನ್ನೂ ಕಂಡು, ಮತ್ತೆ ಊರಿನ ಬಸ್ಸು ಹತ್ತುತ್ತಾರೆ. "ಮುಂಬಯಿಯಲ್ಲಿ ಏನೇನು ನೋಡಿದಿರಿ?" ಎಂದು ನೆರೆಯವರು ಕೇಳಿದರೆ ಹೇಳಲು ಅವರಲ್ಲಿ ಏನೂ ಇರುವುದಿಲ್ಲ. ಮಕ್ಕಳಿಗೆ ಮನಸ್ಸಿಲ್ಲವೆಂದಲ್ಲ. "ಮಂಡಿನೋವಿನವರನ್ನು ಎಲ್ಲಿಗೆಂದು ಕರೆದೊಯ್ಯುವುದು?" ಎಂಬ ಒಂದೇ ಪ್ರಶ್ನೆಯಲ್ಲಿ ಆ ಮಾತು ಮುಗಿದುಹೋಗುತ್ತದೆ.

ನಾವೂ ಒಂದು ಕಾಲಕ್ಕೆ ಹಾಗೆಯೇ ತಿಳಿದಿದ್ದೆವು. ನಮಗೆ ಪರಿಚಿತರಾದ ಉಪಾಹಾರಗೃಹದ ನೌಕರರೊಬ್ಬರ ತಾಯಿ, ಕುಂದಾಪುರದ ಕಡೆಯವರು, ಎಪ್ಪತ್ತು ದಾಟಿದವರು, ಕಾಲಿನ ಚಿಕಿತ್ಸೆಗೆಂದು ಬಂದಿದ್ದರು. ಒಂದು ಭಾನುವಾರ ಮಧ್ಯಾಹ್ನ ಅವರನ್ನು ಕರೆದುಕೊಂಡು, ಕೋಟೆ ಭಾಗದ ಕಾಲಾ ಘೋಡಾದ ಬಳಿ ಇರುವ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯಕ್ಕೆ ಹೊರಟೆವು. ಚರ್ಚ್‌ಗೇಟಿನಿಂದ ಕಾಲು ಗಂಟೆಯ ನಡಿಗೆಯೆಂಬುದು ನಮ್ಮ ಲೆಕ್ಕ. ಅದು ನಮ್ಮ ಕಾಲಿನ ಲೆಕ್ಕ. ಆ ತಾಯಿ ಆವರಣವನ್ನು ಸೇರುವ ವೇಳೆಗೆ ಮುಕ್ಕಾಲು ಗಂಟೆ ಸಂದಿತ್ತು. ತೋಟದ ಬೆಂಚಿನ ಮೇಲೆ ಕುಳಿತವರು ಏಳಲಾರದೆ ಹೋದರು. ಕಟ್ಟಡದೊಳಗೆ ಕಾಲಿಡದೆಯೇ ಹಿಂದಿರುಗಿದೆವು. "ತೋಟ ನೋಡಿಯಾಯಿತಲ್ಲ ಮಗಾ, ಚೆನ್ನಾಗಿದೆ" ಎಂದು ಅವರೇ ನಮ್ಮನ್ನು ಸಮಾಧಾನಪಡಿಸಿದರು. ಆ ಮಾತು ನಮ್ಮನ್ನು ಬಹಳ ದಿನ ಚುಚ್ಚಿತು.

ತಪ್ಪು ಆ ತಾಯಿಯ ಮಂಡಿಯದಲ್ಲ, ವಸ್ತುಸಂಗ್ರಹಾಲಯದ್ದೂ ಅಲ್ಲ. ಸಿದ್ಧತೆಯಿಲ್ಲದೆ ಹೊರಟ ನಮ್ಮದು. ಹಿಂದಿನ ಮಧ್ಯಾಹ್ನವೇ ಉದ್ದು, ಅಕ್ಕಿ ನೆನೆಹಾಕದಿದ್ದರೆ ಬೆಳಿಗ್ಗೆ ಇಡ್ಲಿ ಬೇಯದೆಂಬುದನ್ನು ನಮ್ಮ ಹೋಟೆಲಿನ ಬಾಂಧವರಿಗೆ ಯಾರೂ ಕಲಿಸಿಕೊಡಬೇಕಾಗಿಲ್ಲ. ಇದೂ ಅಂಥದೇ ಕೆಲಸ. ಮೂರು ವಾರಗಳ ತರುವಾಯ ನಾವು ಮತ್ತೆ ಹೊರಟೆವು. ಆ ಎರಡನೆಯ ಭೇಟಿಯಿಂದ ಕಲಿತುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಕಟ್ಟಡದ ಪೂರ್ವಕಥೆ

1905ರ ನವೆಂಬರಿನಲ್ಲಿ, ಮುಂದೆ 5ನೆಯ ಜಾರ್ಜ್ ದೊರೆಯಾದ ಯುವರಾಜನು ಇದರ ಅಡಿಗಲ್ಲನ್ನಿಟ್ಟನು. ಜಾರ್ಜ್ ವಿಟೆಟ್ ಎಂಬ ಶಿಲ್ಪಿ ಇದರ ನಕ್ಷೆಯನ್ನು ರಚಿಸಿದನು. ಗುಮ್ಮಟದ ಹೊರರೂಪಕ್ಕೆ ಗೋಲ್ಕೊಂಡವೂ, ಒಳಗಿನ ಕಮಾನುಗಳ ಹೆಣಿಗೆಗೆ ನಮ್ಮ ವಿಜಾಪುರದ ಗೋಲಗುಮ್ಮಟವೂ ಮಾದರಿಗಳಾದವು. ಆದರೆ ಕಲಾವಸ್ತುಗಳಿಗೆಂದು ಕಟ್ಟಿದ ಈ ಮನೆ ಮೊದಲು ಬಳಕೆಗೆ ಬಂದುದು ಬೇರೊಂದು ಕಾರ್ಯಕ್ಕೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಇದು ಸೈನಿಕರ ಆಸ್ಪತ್ರೆಯಾಗಿದ್ದಿತು. 1922ರ ಜನವರಿ 10ರಂದು ವಸ್ತುಸಂಗ್ರಹಾಲಯವಾಗಿ ಸಾರ್ವಜನಿಕರಿಗೆ ತೆರೆಯಿತು; 1998ರಲ್ಲಿ ಈಗಿನ ಹೆಸರನ್ನು ಪಡೆಯಿತು. ಊರುಗೋಲಿನವರು ಇಲ್ಲಿಗೆ ಪರಕೀಯರೆಂದು ಸಂಕೋಚಪಡುವವರು, ನಡೆಯಲಾರದ ಗಾಯಾಳುಗಳೇ ಈ ಕಟ್ಟಡದ ಮೊದಮೊದಲ ನಿವಾಸಿಗಳಾಗಿದ್ದರೆಂಬುದನ್ನು ನೆನೆಯಬೇಕು.

ಹೊರಡುವ ಮುನ್ನ

ಮೊದಲನೆಯದಾಗಿ ದಿನದ ಆಯ್ಕೆ. ಭಾನುವಾರವೂ ಹಬ್ಬದ ರಜೆಯೂ ಜನಸಂದಣಿಯ ದಿನಗಳು. ಹೋಟೆಲಿನವರಿಗೆ ವಾರದ ನಡುವೆ ರಜೆ ಸಿಗುವುದುಂಟು; ಈ ಒಂದು ವಿಷಯದಲ್ಲಿ ಅವರೇ ಭಾಗ್ಯವಂತರು. ಕಚೇರಿಯ ಗುಮಾಸ್ತರು ಭಾನುವಾರವೇ ಹೋಗಬೇಕಾದರೆ ಬಾಗಿಲು ತೆರೆಯುವ ಹೊತ್ತಿಗೇ ಮುಟ್ಟುವಂತೆ ಹೊರಡತಕ್ಕದ್ದು. ಮಧ್ಯಾಹ್ನಕ್ಕಿಂತ ಬೆಳಗಿನ ಹೊತ್ತು ವೃದ್ಧರ ಕಾಲಿಗೆ ಬಲ ಹೆಚ್ಚು.

ಎರಡನೆಯದಾಗಿ, ಎರಡು ದಿನ ಮುಂಚೆ ದೂರವಾಣಿಯಲ್ಲಿ ವಿಚಾರಿಸಬೇಕು. "ಅಂಗವಿಕಲರಿಗೆ ಅನುಕೂಲವಿದೆಯೇ?" ಎಂದು ಕೇಳಿದರೆ "ಇದೆ" ಎಂಬ ಉತ್ತರ ಬರುತ್ತದೆ; ಅದರಿಂದ ಏನೂ ತಿಳಿಯದು. ಪ್ರಶ್ನೆಗಳು ಖಚಿತವಾಗಿರಬೇಕು. ಟ್ಯಾಕ್ಸಿ ಎಲ್ಲಿಯವರೆಗೆ ಬರಬಹುದು? ಮೆಟ್ಟಿಲಿಲ್ಲದೆ ಒಳಹೋಗುವ ಇಳಿಜಾರು ದಾರಿ ಯಾವ ಬಾಗಿಲಲ್ಲಿದೆ? ಗಾಲಿಕುರ್ಚಿ ಯಾರಲ್ಲಿ ದೊರೆಯುತ್ತದೆ, ಮೊದಲೇ ಹೇಳಿ ಕಾದಿರಿಸಬಹುದೇ? ಲಿಫ್ಟ್ ಯಾವ ಅಂತಸ್ತಿನವರೆಗೆ ಹೋಗುತ್ತದೆ, ಆ ದಿನ ನಡೆಯುತ್ತಿರುವುದೇ? ಗಾಲಿಕುರ್ಚಿ ಹೋಗಬಲ್ಲ ಶೌಚಾಲಯ ಎಲ್ಲಿದೆ? ವೃದ್ಧರಿಗೂ ಜೊತೆಯವರಿಗೂ ಟಿಕೆಟಿನಲ್ಲಿ ರಿಯಾಯಿತಿ ಉಂಟೇ? ಉತ್ತರಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಬೇಕು. ಉತ್ತರವಿತ್ತವರ ಹೆಸರನ್ನೂ ಕೇಳಿಟ್ಟುಕೊಂಡರೆ ಮರುದಿನ ಬಾಗಿಲಲ್ಲಿ ಮಾತು ಸುಲಭವಾಗುತ್ತದೆ.

ಮೂರನೆಯದು ಭಾಷೆ. ಅಲ್ಲಿ ವಸ್ತುಗಳ ವಿವರಣೆ ಕನ್ನಡದಲ್ಲಿಲ್ಲ. ಕಾಲು ಗಟ್ಟಿಯಿದ್ದರೂ ಅಕ್ಷರ ಅಪರಿಚಿತವಾದರೆ ಬಾಗಿಲು ಅರ್ಧವೇ ತೆರೆದಂತೆ. ಆದುದರಿಂದ ತೋರಿಸಬೇಕೆಂದಿರುವ ವಸ್ತುಗಳ ಕಥೆಯನ್ನು ಮಗನು ಮೊದಲೇ ಓದಿಕೊಂಡಿರಬೇಕು. ಕಿವಿ ಮಂದವಾದವರಿಗೆ ಅವುಗಳ ಹೆಸರನ್ನು ದೊಡ್ಡ ಅಕ್ಷರಗಳಲ್ಲಿ ಕನ್ನಡದಲ್ಲಿ ಬರೆದುಕೊಂಡು ಹೋಗುವುದು ಉತ್ತಮ. ಔಷಧಿ, ನೀರಿನ ಬಾಟಲಿ, ಕನ್ನಡಕ, ಸಕ್ಕರೆ ರೋಗವಿದ್ದವರಿಗೆ ತಿಂಡಿಯ ಡಬ್ಬಿ ಇವುಗಳನ್ನು ಹಿಂದಿನ ರಾತ್ರಿಯೇ ಚೀಲಕ್ಕೆ ತುಂಬಿಡಬೇಕು.

ದಾರಿ

ಲೋಕಲ್ ರೈಲಿನಲ್ಲಿ ಅಂಗವಿಕಲರಿಗೆಂದು ಪ್ರತ್ಯೇಕ ಡಬ್ಬಿಯೂ ವೃದ್ಧರಿಗೆ ಮೀಸಲಾದ ಆಸನಗಳೂ ಇವೆ. ಆದರೂ ನಿಲ್ದಾಣದ ಸೇತುವೆಗಳ ಮೆಟ್ಟಿಲುಗಳೇ ಕಾಲಿನ ಅರ್ಧ ಬಲವನ್ನು ತಿಂದುಬಿಡುತ್ತವೆ. 2025ರ ಅಕ್ಟೋಬರಿನಿಂದ ನೆಲದಡಿಯ ಮೆಟ್ರೋ ಮಾರ್ಗವು ಆರೆಯಿಂದ ಕಫ್ ಪರೇಡಿನವರೆಗೆ ಪೂರ್ಣವಾಗಿ ತೆರೆದಿದೆ, ನಿಲ್ದಾಣಗಳಲ್ಲಿ ಲಿಫ್ಟ್‌ಗಳಿವೆ. ದಾದರದ ಕಡೆಯವರು ಅದನ್ನು ಹಿಡಿದು ಹುತಾತ್ಮ ಚೌಕದಲ್ಲಿಳಿದು, ಅಲ್ಲಿಂದ ಟ್ಯಾಕ್ಸಿ ಮಾಡುವುದು ಲೇಸು. ಆ ಕೊನೆಯ ಅಲ್ಪ ದೂರಕ್ಕೆ ಟ್ಯಾಕ್ಸಿಯೇಕೆ ಎಂದು ಜಿಪುಣತನ ಮಾಡಬಾರದು. ನಾವು ಮೊದಲ ಸಲ ಉಳಿಸಿದ್ದು ಆ ಬಾಡಿಗೆಯನ್ನು. ಕಳೆದುಕೊಂಡದ್ದು ಇಡೀ ದಿನವನ್ನು.

ಒಳಗೆ

ಸಂಗ್ರಹದಲ್ಲಿ 50,000ಕ್ಕೂ ಮಿಕ್ಕಿದ ವಸ್ತುಗಳಿವೆ. ಎಲ್ಲವನ್ನೂ ನೋಡುವ ಹಟ ಹಿಡಿದವನು ಯಾವುದನ್ನೂ ನೋಡುವುದಿಲ್ಲ. ಮೂರೇ ಸ್ಥಳಗಳನ್ನು ಆರಿಸಿಕೊಳ್ಳಿರಿ. ಇಪ್ಪತ್ತು ನಿಮಿಷ ನೋಟ, ಹತ್ತು ನಿಮಿಷ ವಿಶ್ರಾಂತಿ, ಒಟ್ಟು ಎರಡು ಗಂಟೆ, ಇದಕ್ಕೆ ಮೀರಬಾರದು.

"ಕುರ್ಚಿಯಲ್ಲಿ ತಳ್ಳಿಸಿಕೊಂಡು ಹೋಗಲು ನಾನೇನು ರೋಗಿಯೇ?" ಎಂದು ಆ ತಾಯಿ ಮೊದಲು ಒಪ್ಪಲಿಲ್ಲ. ಮಗನು, "ಅಮ್ಮಾ, ಊರಿನಲ್ಲಿ ದೇವರು ಪಲ್ಲಕ್ಕಿಯಲ್ಲಿ ಹೋಗುವುದಿಲ್ಲವೇ?" ಎಂದನು. ಅವರು ನಕ್ಕು ಕುಳಿತರು. ತಳ್ಳುವವರು ಕೆಲವು ಮಾತುಗಳನ್ನು ಗಮನದಲ್ಲಿಡಬೇಕು. ಸೀರೆಯ ಸೆರಗು ಗಾಲಿಗೆ ಸಿಗದಂತೆ ಮಡಿಲಲ್ಲಿರಲಿ. ಪಾದಗಳು ಹಲಗೆಯ ಮೇಲಿರಲಿ. ಕಡಿದಾದ ಇಳಿಜಾರಿನಲ್ಲಿ ಕುರ್ಚಿಯನ್ನು ಹಿಮ್ಮುಖವಾಗಿ ಇಳಿಸಬೇಕು. ನಿಲ್ಲಿಸಿದೊಡನೆ ಬ್ರೇಕ್ ಹಾಕಬೇಕು. ಹೇಳದೆ ಕೇಳದೆ ತಿರುಗಿಸಬಾರದು. ಅವರ ತಲೆಯ ಮೇಲಿಂದ ಬೇರೆಯವರೊಡನೆ ಮಾತನಾಡದೆ, ಎದುರು ಬಂದು ಬಾಗಿ ಅವರೊಡನೆಯೇ ಮಾತನಾಡಬೇಕು. ಕುಳಿತವರ ಕಣ್ಣಿಗೆ ಗಾಜಿನ ಮೇಲೆ ದೀಪದ ಹೊಳಪು ಬಿದ್ದು ಚಿತ್ರ ಕಾಣದೆ ಹೋಗಬಹುದು. ಕುರ್ಚಿಯನ್ನು ಸ್ವಲ್ಪ ಓರೆ ಮಾಡಿದರೆ ಕಾಣುತ್ತದೆ.

ಮೊದಲು ನಡುಮನೆಯ ಗುಮ್ಮಟದಡಿ ನಿಂತೆವು. ಬಳಿಕ ನೆಲಅಂತಸ್ತಿನ ಶಿಲ್ಪಶಾಲೆಗೆ ಹೋದೆವು. ಕನ್ನಡಿಗರು ತಪ್ಪದೆ ನೋಡಬೇಕಾದುದು ಇಲ್ಲಿದೆ: ಐಹೊಳೆಯ ಹುಚ್ಚಪ್ಪಯ್ಯನ ಗುಡಿಯಿಂದ ಬಂದ ಬ್ರಹ್ಮ, ವಿಷ್ಣು, ಶಿವರ ಫಲಕಗಳು. ಬಾದಾಮಿ ಚಾಲುಕ್ಯರ ಕಾಲದವು, ಸುಮಾರು 7ನೆಯ ಶತಮಾನದವು. ಇವು ಗುಡಿಯ ಒಳಮಾಡಿನ ಕಲ್ಲುಗಳು. ಐಹೊಳೆಯಲ್ಲಿದ್ದಾಗ ಇವನ್ನು ಕತ್ತೆತ್ತಿ, ಮಬ್ಬುಬೆಳಕಿನಲ್ಲಿ ನೋಡಬೇಕಾಗಿತ್ತು. ಇಲ್ಲಿ ಗೋಡೆಗೆ ಇಳಿದು ಬಂದು, ಕುರ್ಚಿಯಲ್ಲಿ ಕುಳಿತವರ ಎದುರಿಗೇ ನಿಂತಿವೆ. ಆ ತಾಯಿ ಬ್ರಹ್ಮನ ಮುಂದೆ ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. ಕೊನೆಗೆ, "ಇಷ್ಟು ಭಾರದ ಕಲ್ಲನ್ನು ಮಾಡಿನಿಂದ ಇಳಿಸಿದವರ ಸೊಂಟ ಏನಾಯಿತೋ ಮಗಾ?" ಎಂದು ಕೇಳಿದರು. ನೋವನ್ನು ಬಲ್ಲವರ ಪ್ರಶ್ನೆಯದು. ನಮಗೆ ಉತ್ತರ ತಿಳಿದಿರಲಿಲ್ಲ.

ಮೂರನೆಯದಾಗಿ ಲಿಫ್ಟಿನಲ್ಲಿ ಮೇಲೇರಿ, ಸಣ್ಣ ವರ್ಣಚಿತ್ರಗಳನ್ನು ನೋಡಿದೆವು. ಅಂಗೈಯಗಲದ ಚಿತ್ರದಲ್ಲಿ ಒಂದೊಂದು ಎಲೆಯನ್ನೂ ಬಿಡಿಸಿದ ಕೈಚಳಕವನ್ನು ಕಂಡು ಅವರು ಕನ್ನಡಕವನ್ನು ಮೂರು ಸಲ ಒರೆಸಿಕೊಂಡರು. ಹಿಂದಿರುಗುವಾಗ ಇನ್ನೂ ಆಯಾಸವಾಗಿರಲಿಲ್ಲ. ಆಯಾಸವಾಗುವ ಮೊದಲೇ ಹೊರಬರುವುದೇ ಇದರ ಗುಟ್ಟು.

ಇತರ ನಗರಗಳ ಬಾಂಧವರಿಗೆ

ದಿಲ್ಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ 2015ರ ಡಿಸೆಂಬರಿನಲ್ಲಿ 'ಅನುಭವ' ಎಂಬ ಶಾಲೆಯನ್ನು ತೆರೆಯಲಾಯಿತು. ಸಂಗ್ರಹದ 22 ವಸ್ತುಗಳ ಪ್ರತಿಕೃತಿಗಳನ್ನು ಅಲ್ಲಿ ಕೈಯಿಂದ ಮುಟ್ಟಿ ನೋಡುವಂತೆ ಇರಿಸಿ, ಬ್ರೈಲ್ ಲಿಪಿಯ ವಿವರಣೆಯನ್ನೂ ಒದಗಿಸಲಾಯಿತು. "ಮುಟ್ಟಬೇಡಿ" ಎಂಬ ಫಲಕದ ನಾಡಿನಲ್ಲಿ "ಮುಟ್ಟಿರಿ" ಎಂದು ಕರೆಯುವುದು ಸಣ್ಣ ಮಾತಲ್ಲ. ಹೈದರಾಬಾದಿನ ಸಾಲಾರ್ ಜಂಗ್ ಸಂಗ್ರಹಾಲಯದಲ್ಲಿ ಪ್ರತಿ ಗಂಟೆಗೂ ಒಂದು ಗೊಂಬೆ ಹೊರಬಂದು ಗಂಟೆ ಬಾರಿಸುವ ಗಡಿಯಾರವಿದೆ. ಅದನ್ನು ನೋಡಲು ಜನ ಕಿಕ್ಕಿರಿಯುತ್ತಾರೆ. ಗದ್ದಲವನ್ನು ತಾಳಲಾರದವರನ್ನು ಆ ನಿಮಿಷಗಳಲ್ಲಿ ಬೇರೆಡೆಗೆ ಕರೆದೊಯ್ಯಬೇಕು. ಎಲ್ಲಿಯೇ ಆಗಲಿ, ಹೋಗುವ ಮುನ್ನ ಕೇಳಿ ಹೋಗುವುದೇ ಕ್ರಮ.

ಇದು ದಾಕ್ಷಿಣ್ಯದ ಮಾತಲ್ಲ

ಅನುಕೂಲ ಕೇಳುವಾಗ ನಮ್ಮವರು ಕೈಮುಗಿದು, ಉಪಕಾರ ಬೇಡುವವರಂತೆ ಕೇಳುತ್ತಾರೆ. ಅದರ ಅಗತ್ಯವಿಲ್ಲ. 1995ರ ಕಾಯಿದೆಯು 7 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿತ್ತು. ಅದರ ಸ್ಥಾನದಲ್ಲಿ ಬಂದ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆಯು 21 ಬಗೆಗಳನ್ನು ಗುರುತಿಸಿದೆ. ಕಲೆ ಮತ್ತು ಸಂಸ್ಕೃತಿಯಲ್ಲಿ ಅವರಿಗೆ ಸಮಪಾಲು ದೊರೆಯುವಂತೆ ಮಾಡುವುದು ಸರಕಾರದ ಕರ್ತವ್ಯವೆಂದೂ ಅದು ಹೇಳುತ್ತದೆ. ಹಳೆಯ ಸಾರ್ವಜನಿಕ ಕಟ್ಟಡಗಳನ್ನು ಸುಗಮಗೊಳಿಸಲು ನಿಯಮಗಳ ಪ್ರಕಟಣೆಯಿಂದ ಐದು ವರ್ಷಗಳ ಅವಧಿಯನ್ನು ಕೊಟ್ಟಿತ್ತು. ನಿಯಮಗಳು 2017ರಲ್ಲಿ ಬಂದವು. ಅವಧಿ 2022ರಲ್ಲಿಯೇ ಮುಗಿಯಿತು. ಇಳಿಜಾರು ದಾರಿ ಇಲ್ಲದೆಡೆ ಅದನ್ನು ವಿನಯದಿಂದ, ಆದರೆ ಬರವಣಿಗೆಯಲ್ಲಿ ಕೇಳತಕ್ಕದ್ದು. ಕೇಳುವವರಿಲ್ಲದಿದ್ದರೆ ಮೆಟ್ಟಿಲು ಮೆಟ್ಟಿಲಾಗಿಯೇ ಉಳಿಯುತ್ತದೆ.

ಆ ತಾಯಿ ಈಗ ಊರಿಗೆ ಮರಳಿದ್ದಾರೆ. ಮಂಡಿಯ ನೋವು ಪೂರ್ತಿ ಹೋಗಿಲ್ಲವಂತೆ. ಆದರೆ ಮುಂಬಯಿಯಲ್ಲಿ ಏನು ನೋಡಿದಿರೆಂದು ಕೇಳಿದವರಿಗೆಲ್ಲ, ಮಾಡಿನಿಂದ ಇಳಿದು ಬಂದು ತನ್ನೆದುರು ಕುಳಿತ ಬ್ರಹ್ಮನ ಕಥೆಯನ್ನು ಹೇಳುತ್ತಿದ್ದಾರೆಂದು ಮಗನು ನಮಗೆ ತಿಳಿಸಿದನು. ವಾಚಕರಲ್ಲಿ ಯಾರ ಖೋಲಿಯಲ್ಲಿ ಈಗ ಅಂಥ ಹಿರಿಯರೊಬ್ಬರು ಗೋಡೆ ನೋಡುತ್ತ ಕುಳಿತಿರುವರೋ, ಅವರು ಮುಂದಿನ ರಜೆಯ ದಿನವನ್ನು ಇಂದೇ ಗೊತ್ತುಮಾಡಲಿ. ಮೊದಲ ಕೆಲಸವಾಗಿ ದೂರವಾಣಿಯನ್ನು ಕೈಗೆತ್ತಿಕೊಳ್ಳಲಿ.