ರೋಗನಿರೋಧಕ ಶಕ್ತಿಯಿಲ್ಲದ ಇಲಿಗಳೂ ಕ್ಯಾನ್ಸರ್ ಸಂಶೋಧನೆಯೂ

ಕಳೆದ ವರ್ಷ ಬೇಸಿಗೆಯ ರಜೆಗೆ ಮುಂಚೆ ಜಯನಗರದಿಂದ ತಾಯಿಯೊಬ್ಬರು ತಮ್ಮ ಮಗಳೊಡನೆ ನನ್ನನ್ನು ಕಾಣಲು ಬಂದರು. ಮಗಳು ನಮ್ಮ ಶಾಲೆಯಲ್ಲಿಯೇ ಕಲಿತು, ಮುಂದೆ ಜೀವಶಾಸ್ತ್ರದಲ್ಲಿ ಪದವಿಯನ್ನು ಪಡೆದವಳು. ಆಕೆಗೆ ಪ್ರಯೋಗಾಲಯವೊಂದರಲ್ಲಿ ಕೆಲಸವು ದೊರೆತಿತ್ತು. ಕ್ಯಾನ್ಸರ್ ಔಷಧಗಳ ಪರೀಕ್ಷೆಗಾಗಿ ಸಾಕಿದ ಇಲಿಗಳನ್ನು ನೋಡಿಕೊಳ್ಳುವುದೇ ಆ ಕೆಲಸ. "ಅಮ್ಮನವರೇ, ಮೂಕಪ್ರಾಣಿಗಳಿಗೆ ರೋಗ ಹತ್ತಿಸುವ ಕೆಲಸಕ್ಕೆ ಹೆಣ್ಣುಮಗಳನ್ನು ಕಳುಹಿಸಬಹುದೇ? ಆ ರೋಗವು ಇವಳಿಗೇ ಅಂಟಿಕೊಂಡರೆ ಗತಿಯೇನು?" ಎಂದು ತಾಯಿಯು ಕೇಳಿದರು. ಒಡನೆ ಉತ್ತರ ಕೊಡಲು ನನ್ನಿಂದಾಗಲಿಲ್ಲ. ಆದಕಾರಣ ಹುಡುಗಿಯ ಕೈಗೆ ಸೀಮೆಸುಣ್ಣವನ್ನು ಕೊಟ್ಟು, ಕರೀಹಲಗೆಯ ಮೇಲೆ ನಮ್ಮಿಬ್ಬರಿಗೂ ವಿವರಿಸೆಂದೆನು. ಅಂದು ಅವಳು ಉಪಾಧ್ಯಾಯಿನಿ, ನಾನು ಶಿಷ್ಯೆ. ಅವಳಿಂದಲೂ ತರುವಾಯ ಓದಿನಿಂದಲೂ ತಿಳಿದುಕೊಂಡದ್ದನ್ನು ಪೋಷಕರಿಗೂ ಹಳೆಯ ವಿದ್ಯಾರ್ಥಿನಿಯರಿಗೂ ಅರುಹುವುದು ಉಚಿತವೆಂದೆಣಿಸಿ ಇದನ್ನು ಬರೆದಿರುತ್ತೇನೆ.

ತನ್ನದಲ್ಲದ್ದನ್ನು ಗುರುತಿಸಿ ನಾಶಮಾಡುವ ಶಕ್ತಿಯು ನಮ್ಮ ದೇಹದಲ್ಲಿರುವಂತೆ ಇಲಿಯ ದೇಹದಲ್ಲಿಯೂ ಇರುತ್ತದೆ. ಮನುಷ್ಯನ ಕ್ಯಾನ್ಸರ್ ಗಡ್ಡೆಯ ತುಣುಕನ್ನು ಸಾಧಾರಣವಾದ ಇಲಿಯ ಚರ್ಮದ ಕೆಳಗೆ ಇಟ್ಟರೆ, ಇಲಿಯ ರಕ್ತದ ಬಿಳಿಯ ಕಣಗಳು ಅದನ್ನು ಪರಕೀಯವೆಂದು ತಿಳಿದು ಅಳಿಸಿಬಿಡುವವು. ಈ ಕಣಗಳಲ್ಲಿ ಮುಖ್ಯವಾದವು 'ಟಿ' ಕಣಗಳು. ಎದೆಯ ಮೂಳೆಯ ಹಿಂದೆ, ಹೃದಯದ ಮೇಲ್ಗಡೆಯಲ್ಲಿರುವ ಥೈಮಸ್ ಎಂಬ ಗ್ರಂಥಿಯಲ್ಲಿ ಅವು ಬಲಿತು ಸಿದ್ಧವಾಗುತ್ತವೆ. ಥೈಮಸ್ ಇಲ್ಲದ ಇಲಿಯಾದರೋ ಕಾವಲುಗಾರನಿಲ್ಲದ ಮನೆಯಂತೆ; ಅದರಲ್ಲಿ ಮನುಷ್ಯನ ಗಡ್ಡೆಯೂ ಬೆಳೆಯಬಲ್ಲದು.

ಇಂಥ ಇಲಿಯು ಮೊದಲು ತಾನಾಗಿಯೇ ಹುಟ್ಟಿತು. 1962ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಪ್ರಯೋಗಾಲಯವೊಂದರಲ್ಲಿ ಕೂದಲಿಲ್ಲದ ಕೆಲವು ಸಣ್ಣ ಇಲಿಗಳು ಕಂಡುಬಂದವು. ಅವುಗಳಿಗೆ ಥೈಮಸ್ ಸಹ ಇಲ್ಲವೆಂಬದನ್ನು 1968ರಲ್ಲಿ ಪ್ಯಾಂಟೆಲೂರಿಸ್ ಎಂಬವರು ತೋರಿಸಿಕೊಟ್ಟರು. ಮರುವರ್ಷವೇ ಕೋಪನ್‌ಹೇಗನ್ನಿನ ರೀಗಾರ್ಡ್ ಮತ್ತು ಪೌಲ್ಸನ್ ಎಂಬ ವೈದ್ಯರು ಮನುಷ್ಯನ ದೊಡ್ಡ ಕರುಳಿನ ಕ್ಯಾನ್ಸರನ್ನು ಅಂಥ ಇಲಿಯಲ್ಲಿ ಬೆಳೆಸಿದರು. ಕನ್ನಡದಲ್ಲಿ ನಾವು ಸಣ್ಣದನ್ನೂ ದೊಡ್ಡದನ್ನೂ ಇಲಿಯೆಂದೇ ಕರೆಯುತ್ತೇವಾದರೂ ಶಾಸ್ತ್ರದಲ್ಲಿ ಇವು ಬೇರೆ ಬೇರೆ ಜಾತಿಗಳು. ಥೈಮಸ್ ಇಲ್ಲದ ದೊಡ್ಡ ಇಲಿಯ ವರ್ಣನೆಯು 1978ರಲ್ಲಿ ಪ್ರಕಟವಾಯಿತು.

ಸಣ್ಣ ಇಲಿಯ ತೂಕ 20ರಿಂದ 30 ಗ್ರಾಮು. ದೊಡ್ಡದು ಅದರ ಹತ್ತರಷ್ಟು ತೂಗುವುದು. ಆದ್ದರಿಂದ ದೊಡ್ಡ ಇಲಿಯಿಂದ ಪದೇ ಪದೇ ಸ್ವಲ್ಪ ಸ್ವಲ್ಪ ರಕ್ತವನ್ನು ತೆಗೆದು, ಔಷಧವು ದೇಹದಲ್ಲಿ ಎಷ್ಟು ಹೊತ್ತು ನಿಲ್ಲುವದೆಂದು ನೋಡಬಹುದು, ಶಸ್ತ್ರಚಿಕಿತ್ಸೆಯೂ ಸುಲಭ. ಆದರೆ ಥೈಮಸ್ ಇಲ್ಲದಿದ್ದರೂ ಪ್ರಾಯ ಹೆಚ್ಚಿದಂತೆ ಅದರಲ್ಲಿ ಕೊಂಚ ನಿರೋಧಕ ಶಕ್ತಿಯು ತಲೆದೋರುವುದುಂಟು. ಈ ಕೊರತೆಯನ್ನು ನೀಗಿಸುವುದಕ್ಕಾಗಿ ಇತ್ತೀಚಿನ ವರ್ಷಗಳಲ್ಲಿ ರ‍್ಯಾಗ್-2 ಮುಂತಾದ ಜೀನುಗಳನ್ನು ಕೆಲಸಮಾಡದಂತೆ ಮಾಡಿ, ಇನ್ನೂ ಹೆಚ್ಚು ಶಕ್ತಿಹೀನವಾದ ತಳಿಗಳನ್ನು ಉಂಟುಮಾಡಿದ್ದಾರೆ.

ಪರೀಕ್ಷೆಯ ಕ್ರಮ ಹೀಗೆ: ಕ್ಯಾನ್ಸರ್ ಜೀವಕಣಗಳನ್ನು ಇಲಿಯ ಚರ್ಮದ ಕೆಳಗೆ ಸೇರಿಸುತ್ತಾರೆ. ಗಡ್ಡೆಯು ತಕ್ಕಷ್ಟು ಬೆಳೆದ ಮೇಲೆ ಇಲಿಗಳನ್ನು ಪಕ್ಷಪಾತವಿಲ್ಲದೆ ಗುಂಪುಗಳಾಗಿ ವಿಂಗಡಿಸಿ, ಒಂದಕ್ಕೆ ಔಷಧವನ್ನು ಕೊಟ್ಟು ಮತ್ತೊಂದಕ್ಕೆ ಕೊಡದೆ, ಗಡ್ಡೆಯ ಉದ್ದಗಲಗಳನ್ನೂ ಇಲಿಯ ತೂಕವನ್ನೂ ಆಗಾಗ್ಗೆ ಅಳೆದು ಬರೆದಿಡುತ್ತಾರೆ. ಗಡ್ಡೆ ಕುಗ್ಗಿದರೂ ಇಲಿಯೇ ಸೊರಗಿದರೆ ಆ ಔಷಧವು ಒಳ್ಳೆಯದೆನ್ನಲಾಗದು.

ಇದರಿಂದ ನಮಗೇನು ಪ್ರಯೋಜನವೆಂದು ಕೇಳುವವರಿಗೆ ಸ್ತ್ರೀಯರಿಗೆ ಸಂಬಂಧಪಟ್ಟ ಒಂದು ದೃಷ್ಟಾಂತವನ್ನು ಹೇಳುತ್ತೇನೆ. ಸ್ತನದ ಕ್ಯಾನ್ಸರಿಗೆ ಗುರಿಯಾದ 100 ಮಂದಿಯಲ್ಲಿ ಸುಮಾರು 15ರಿಂದ 20 ಮಂದಿಯ ಗಡ್ಡೆಯಲ್ಲಿ ಹರ್-2 ಎಂಬ ಪ್ರೋಟೀನು ಮಿತಿಮೀರಿರುತ್ತದೆ. ಅದನ್ನು ತಡೆಯುವ ಟ್ರಾಸ್ಟುಜುಮ್ಯಾಬ್ ಎಂಬ ಔಷಧವನ್ನು ರೋಗಿಗಳಿಗೆ ಕೊಡುವುದಕ್ಕೆ ಮುಂಚೆ, ಥೈಮಸ್ ಇಲ್ಲದ ಸಣ್ಣ ಇಲಿಗಳಲ್ಲಿ ಬೆಳೆಸಿದ ಮನುಷ್ಯರ ಗಡ್ಡೆಗಳ ಮೇಲೆ ಪರೀಕ್ಷಿಸಿದ್ದರು. 1998ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ದೊರೆಯಿತು. ಬಹು ದುಬಾರಿಯಾದ ಆ ಔಷಧಕ್ಕೆ ಸಮಾನವಾದುದನ್ನು ನಮ್ಮ ಬೆಂಗಳೂರಿನ ಬಯೋಕಾನ್ ಸಂಸ್ಥೆಯು ತಯಾರಿಸಿ 2014ರಲ್ಲಿ ಭಾರತದಲ್ಲಿ ಮಾರಾಟಕ್ಕೆ ತಂದಿತು. 2017ರಲ್ಲಿ ಅಮೆರಿಕವೂ ಅದನ್ನು ಒಪ್ಪಿತು.

ಆದರೂ ಇಲಿಯು ಮನುಷ್ಯನಲ್ಲ. ಇಲಿಯಲ್ಲಿ ಗುಣಕಂಡ ಔಷಧಗಳೆಷ್ಟೋ ರೋಗಿಗಳಲ್ಲಿ ನಿಷ್ಫಲವಾಗಿವೆ. ಅದಲ್ಲದೆ, ರೋಗಿಯ ನಿರೋಧಕ ಶಕ್ತಿಯನ್ನೇ ಎಬ್ಬಿಸಿ ಕ್ಯಾನ್ಸರಿನ ಮೇಲೆ ಬಿಡುವ ಹೊಸ ಚಿಕಿತ್ಸೆಗಳನ್ನು ಆ ಶಕ್ತಿಯೇ ಇಲ್ಲದ ಪ್ರಾಣಿಯಲ್ಲಿ ಪರೀಕ್ಷಿಸುವುದು ಹೇಗೆ? ಅದಕ್ಕಾಗಿ ಮನುಷ್ಯರ ರಕ್ತದ ಮೂಲಕಣಗಳನ್ನು ಇಲಿಗಳಲ್ಲಿ ನೆಲೆಗೊಳಿಸಿ ನೋಡುತ್ತಾರೆ.

ಇನ್ನು ತಾಯಿಯ ಪ್ರಶ್ನೆಗಳಿಗೆ ಬರೋಣ. ಕ್ಯಾನ್ಸರು ಸಿಡುಬಿನಂತೆ ಗಾಳಿಯಿಂದಲೋ ಮುಟ್ಟುವದರಿಂದಲೋ ಅಂಟುವ ರೋಗವಲ್ಲ. ಸೂಜಿಯು ಚುಚ್ಚದಂತೆ ಎಚ್ಚರವಾಗಿರಬೇಕು, ಅಷ್ಟೆ. ನಿಜವಾಗಿ ಅಪಾಯವಿರುವುದು ಇಲಿಗೆ. ನಮಗೆ ತಟ್ಟದ ಅಲ್ಪ ಸೋಂಕೂ ಅದರ ಪ್ರಾಣವನ್ನು ತೆಗೆಯಬಲ್ಲದು. ಆದಕಾರಣ ಅದರ ಆಹಾರ, ನೀರು, ಹಾಸು, ಪಂಜರ ಎಲ್ಲವನ್ನೂ ಸೋಂಕಿಲ್ಲದಂತೆ ಶುದ್ಧಿಮಾಡಿ, ಗಾಳಿಯನ್ನು ಸಹ ಶೋಧಿಸಿ ಒಳಗೆ ಬಿಡುತ್ತಾರೆ. ನೋಡಿಕೊಳ್ಳುವವರು ಶುಭ್ರವಾದ ನಿಲುವಂಗಿ, ಮುಖಕವಚ, ಕೈಚೀಲಗಳನ್ನು ಧರಿಸಿಯೇ ಅದನ್ನು ಮುಟ್ಟುತ್ತಾರೆ.

ಹಿಂಸೆಯ ಪ್ರಶ್ನೆಯಾದರೋ ಇಷ್ಟು ಸುಲಭವಲ್ಲ. ಪರೀಕ್ಷೆಯ ಕೊನೆಯಲ್ಲಿ ಇಲಿಯನ್ನು ನೋವಿಲ್ಲದಂತೆ ಕೊಲ್ಲುತ್ತಾರೆಂಬದನ್ನು ಹುಡುಗಿಯು ಮುಚ್ಚಿಡಲಿಲ್ಲ, ನಾನೂ ಮುಚ್ಚಿಡುವುದಿಲ್ಲ. ನಮ್ಮ ದೇಶದಲ್ಲಿ 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯೂ 1998ರ ನಿಯಮಗಳೂ ಇಂಥ ಕೆಲಸಕ್ಕೆ ಅಂಕೆಯನ್ನಿಟ್ಟಿವೆ. ಪ್ರತಿಯೊಂದು ಸಂಸ್ಥೆಯಲ್ಲಿಯೂ ಒಂದು ನೀತಿಸಮಿತಿ ಇರತಕ್ಕದ್ದು. ವಿಜ್ಞಾನಿಯಲ್ಲದ ಸದಸ್ಯರೊಬ್ಬರೂ ಅದರಲ್ಲಿರಬೇಕು. ಪ್ರಾಣಿಯಿಲ್ಲದೆ ಆಗುವುದಾದರೆ ಪ್ರಾಣಿಯನ್ನು ಬಳಸಬಾರದು, ಬಳಸಿದರೆ ಆದಷ್ಟು ಕಡಿಮೆ ಬಳಸಬೇಕು, ನೋವನ್ನು ತಗ್ಗಿಸಬೇಕು ಎಂಬ ಮೂರು ಸೂತ್ರಗಳನ್ನು ರಸೆಲ್ ಮತ್ತು ಬರ್ಚ್ ಎಂಬವರು 1959ರಲ್ಲಿಯೇ ಹೇಳಿದ್ದಾರೆ. 2023ರಲ್ಲಿ ನಮ್ಮ ಸರಕಾರವು ಔಷಧ ಪರೀಕ್ಷೆಯ ನಿಯಮಗಳನ್ನು ತಿದ್ದಿ, ಪ್ರಾಣಿಗಳಿಲ್ಲದ ವಿಧಾನಗಳಿಗೂ ಎಡೆಮಾಡಿಕೊಟ್ಟಿದೆ.

ಹುಡುಗಿಯ ಮಾತು ಮುಗಿದ ಮೇಲೆ ತಾಯಿಯು ಬಹಳ ಹೊತ್ತು ಸುಮ್ಮನಿದ್ದರು. ಅವರ ಅಕ್ಕನವರು ಹೊಸೂರು ರಸ್ತೆಯ ಕಿದ್ವಾಯಿ ಆಸ್ಪತ್ರೆಯಲ್ಲಿ ಸ್ತನದ ಕ್ಯಾನ್ಸರಿಗಾಗಿ ಚಿಕಿತ್ಸೆ ಪಡೆಯುತ್ತಿದ್ದರೆಂಬದು ನನಗೆ ಆಗಲೇ ತಿಳಿದದ್ದು. "ಅಕ್ಕನಿಗೆ ಕೊಡುವ ಔಷಧವನ್ನೂ ಯಾರೋ ಹೀಗೆಯೇ ನೋಡಿರಬೇಕು" ಎಂದಷ್ಟೇ ಹೇಳಿ ಎದ್ದರು. ನಾನಾದರೋ ಹುಡುಗಿಗೆ ಒಂದೇ ಮಾತನ್ನು ಹೇಳಿದೆನು: "ಆ ಪ್ರಾಣಿಯ ಕಾವಲನ್ನು ತೆಗೆದವರು ನಾವು, ಆದ್ದರಿಂದ ಅದಕ್ಕೆ ಕಾವಲಾಗಿರುವುದೂ ನಮ್ಮದೇ ಹೊಣೆ. ಇದು ನೆನಪಿರುವ ತನಕ ಆ ಕೆಲಸಕ್ಕೆ ಹೋಗಮ್ಮ. ಮರೆತ ದಿನ ಬಿಟ್ಟು ಬಾ." ಆಕೆಯು ಈಗಲೂ ಅದೇ ಕೆಲಸದಲ್ಲಿದ್ದಾಳೆ.