ತಡೆಯಬೇಕಾದ ವೇಗ, ತಡೆಯಬಾರದ ಕಣ್ಣೀರು

ನಮ್ಮ ಪ್ರಾಚೀನ ವೈದ್ಯಗ್ರಂಥಗಳಲ್ಲಿ ಅಗ್ರಮಾನ್ಯವಾದ ಚರಕಸಂಹಿತೆಯ ಸೂತ್ರಸ್ಥಾನದಲ್ಲಿ 7ನೆಯ ಅಧ್ಯಾಯವು ವೇಗಗಳ ವಿಚಾರಕ್ಕೆ ಮೀಸಲಾಗಿದೆ. ವೇಗವೆಂದರೆ ದೇಹದಲ್ಲಾಗಲಿ ಮನಸ್ಸಿನಲ್ಲಾಗಲಿ ತಾನಾಗಿ ಉಕ್ಕಿಬರುವ ಒತ್ತಡ. ಹಸಿವು, ನೀರಡಿಕೆ, ನಿದ್ರೆ, ಕಣ್ಣೀರು ಮೊದಲಾದ 13 ವೇಗಗಳನ್ನು ತಡೆಯಲಾಗದೆಂದೂ, ಶೋಕ, ಭಯ, ಕ್ರೋಧ ಮುಂತಾದ ಮನೋವೇಗಗಳನ್ನೂ ಅವುಗಳಿಂದ ಹುಟ್ಟುವ ದುಡುಕನ್ನೂ ತಡೆಯಬೇಕೆಂದೂ ಆಚಾರ್ಯರು ಅಲ್ಲಿ ವಿಂಗಡಿಸಿದ್ದಾರೆ. ಕಣ್ಣೀರು ತಡೆಯಬಾರದ ವೇಗಗಳ ಸಾಲಿನಲ್ಲಿರುವುದು ಗಮನಾರ್ಹ. ದುಃಖವು ಕಣ್ಣಿನಿಂದ ಹರಿದುಹೋಗಲಿ, ಕೈಯ ಕೃತ್ಯವಾಗದಿರಲಿ ಎಂಬ ವಿವೇಕವನ್ನು ಈ ವಿಂಗಡಣೆಯಲ್ಲಿ ಕಾಣಬಹುದು.

ತಮ್ಮ ಶರೀರಕ್ಕೆ ತಾವೇ ಗಾಯ ಮಾಡಿಕೊಳ್ಳುವ ಅಭ್ಯಾಸಕ್ಕೆ ಒಳಗಾಗಿ, ಅದರಿಂದ ಹೊರಬರಲು ಹೆಣಗುತ್ತಿರುವ ಕಿಶೋರ ಕಿಶೋರಿಯರಿಗೆ ಈ ವಿವೇಕವು ಅತ್ಯಂತ ಅಗತ್ಯವಾದುದು. ಪರೀಕ್ಷೆಯ ಭೀತಿ, ಮನೆಯ ಕಲಹ, ಅವಮಾನ, ಅಗಲಿಕೆ, ಹೊರಗೆ ಹೇಳಲಾಗದ ದೌರ್ಜನ್ಯ, ಇವುಗಳಿಂದ ಹುಟ್ಟಿದ ತಳಮಳವನ್ನು ಮಾತಿನಲ್ಲಿ ಹೊರಹಾಕಲಾರದವರು ಕ್ಷಣಕಾಲದ ಉಪಶಮನಕ್ಕಾಗಿ ಈ ದಾರಿ ಹಿಡಿಯುವುದುಂಟು. ಇದನ್ನು ನಾಟಕವೆಂದು ಜರೆಯುವುದು ತಪ್ಪು. ಪಾಪವೆಂದು ಶಪಿಸುವುದು ಇನ್ನೂ ದೊಡ್ಡ ತಪ್ಪು. ಇವರಲ್ಲಿ ಅನೇಕರಿಗೆ ಸಾಯುವ ಇಚ್ಛೆ ಇರುವುದಿಲ್ಲ. ಆದರೂ ಮುಂದೆ ಪ್ರಾಣಾಪಾಯಕ್ಕೆ ಒಳಗಾಗುವ ಸಂಭವ ಇಂಥವರಲ್ಲಿ ಹೆಚ್ಚೆಂಬುದನ್ನು ವೈದ್ಯಶಾಸ್ತ್ರವು ಕಂಡುಕೊಂಡಿದೆಯಾದ್ದರಿಂದ ಉಪೇಕ್ಷೆಯೂ ಸಲ್ಲದು.

ಈ ಅಭ್ಯಾಸವನ್ನು ಬಿಡಬೇಕೆಂದು ನಿಶ್ಚಯಿಸಿದವರಿಗೂ ಹಳೆಯ ಒತ್ತಡ ಮತ್ತೆ ಮತ್ತೆ ಬರುತ್ತದೆ. ಬಂದುದು ಸೋಲಿನ ಗುರುತಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯವರಿಗೆ ಹಳ್ಳಗಳ ಸ್ವಭಾವ ಚೆನ್ನಾಗಿ ಗೊತ್ತು. ಬೇಸಿಗೆಯೆಲ್ಲ ಬರಿಯ ಮರಳಾಗಿರುವ ಹಳ್ಳವು ಮೇಲೆಲ್ಲೋ ಮಳೆ ಸುರಿದೊಡನೆ ಇದ್ದಕ್ಕಿದ್ದಂತೆ ತುಂಬಿ ಭೋರ್ಗರೆಯುತ್ತದೆ. ಅನುಭವಿ ರೈತನು ಆಗ ಬಂಡಿಯನ್ನು ನೀರಿಗೆ ಇಳಿಸುವುದಿಲ್ಲ, ಪ್ರವಾಹದೊಡನೆ ಸೆಣಸುವುದೂ ಇಲ್ಲ. ಎತ್ತಿನ ಕೊರಳು ಬಿಚ್ಚಿ ದಡದಲ್ಲಿ ಕೂಡುತ್ತಾನೆ. ನೀರು ಏರಿದಂತೆಯೇ ಇಳಿಯುತ್ತದೆಂಬುದು ಅವನಿಗೆ ತಿಳಿದ ಸಂಗತಿ.

ಮನೋವೇಗದ ಗತಿಯೂ ಹೀಗೆಯೇ. ಅದು ಏರುತ್ತದೆ, ತುದಿ ಮುಟ್ಟುತ್ತದೆ, ಇಳಿಯುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಾಟ್ ಅವರು ವ್ಯಸನಗಳಿಂದ ಬಿಡುಗಡೆ ಹೊಂದುವವರಿಗೆ ಈ ಏರಿಳಿತವನ್ನು ಅಲೆಯಂತೆ ನೋಡುತ್ತ ದಾಟುವ ಕ್ರಮವನ್ನು ಬೋಧಿಸಿದರು. ಅದೇ ದೇಶದ ಮಾರ್ಷಾ ಲಿನೆಹಾನ್ ಅವರು ಆತ್ಮಹಿಂಸೆಗೆ ಒಳಗಾದವರಿಗಾಗಿಯೇ ಒಂದು ಚಿಕಿತ್ಸಾಪದ್ಧತಿಯನ್ನು ರೂಪಿಸಿ 1993ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ತಾವೂ ಹದಿಹರೆಯದಲ್ಲಿ ಇದೇ ಬಾಧೆಯನ್ನು ಅನುಭವಿಸಿದವರೆಂದು ಆಕೆ 2011ರಲ್ಲಿ ಬಹಿರಂಗವಾಗಿ ಹೇಳಿದರು. ಬಿದ್ದವರು ಎದ್ದು ಇತರರನ್ನು ಎತ್ತಬಲ್ಲರೆಂಬುದಕ್ಕೆ ಇದು ಜೀವಂತ ನಿದರ್ಶನ.

ದಡದಲ್ಲಿ ಕೂಡುವುದೆಂದರೆ ಏನು? ಮೊದಲನೆಯದು ಕಾಲವನ್ನು ಮುಂದೂಡುವುದು: ಇನ್ನು 15 ನಿಮಿಷ ಏನೂ ಮಾಡುವುದಿಲ್ಲವೆಂದು ತನಗೆ ತಾನೇ ಮಾತು ಕೊಡುವುದು, ಅದು ಕಳೆದರೆ ಮತ್ತೆ 15 ನಿಮಿಷ. ಎರಡನೆಯದು ಸ್ಥಳವನ್ನು ಬದಲಿಸುವುದು: ಒಂಟಿ ಕೋಣೆಯಿಂದ ಎದ್ದು ಜನರಿರುವ ಪಡಸಾಲೆಗೆ ಬರುವುದು, ಅಪಾಯಕರ ವಸ್ತುಗಳಿಂದ ದೂರ ಸರಿಯುವುದು. ಮೂರನೆಯದು ದೇಹವನ್ನು ಸಂತೈಸುವುದು: ಮುಖಕ್ಕೆ ತಣ್ಣೀರು ಹಾಕಿಕೊಳ್ಳುವುದು, ಬಿರುಸಾಗಿ ನಡೆಯುವುದು, ಉಸಿರನ್ನು ನಿಧಾನವಾಗಿ ಹೊರಬಿಡುವುದು. ನಾಲ್ಕನೆಯದು ಒಳಗಿನದನ್ನು ಹೊರಹಾಕುವುದು: ಅಳುವುದು, ಬರೆಯುವುದು, ನಂಬಿದ ಒಬ್ಬರಿಗೆ ಹೇಳುವುದು. ಹಸಿವು ನಿದ್ರೆಗಳನ್ನು ತಡೆಯಬಾರದೆಂಬ ಚರಕನ ಮಾತೂ ಇಲ್ಲಿ ಪ್ರಸ್ತುತ. ಉಂಡು ನಿದ್ರಿಸಿದವರಿಗೆ ಒತ್ತಡವನ್ನು ತಾಳುವ ಶಕ್ತಿ ಹೆಚ್ಚು. ಯಾರಿಗೆ ಹೇಳಬೇಕು, ಎಲ್ಲಿಗೆ ಹೋಗಬೇಕು ಎಂಬುದನ್ನು ಮನಸ್ಸು ಶಾಂತವಾಗಿರುವಾಗಲೇ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳುವುದು ಉತ್ತಮ. ಪ್ರವಾಹ ಬಂದಮೇಲೆ ದಡವನ್ನು ಹುಡುಕುವುದು ಕಷ್ಟ.

ಎಂದಾದರೂ ತಪ್ಪಿ ನಡೆದರೆ ಅದುವರೆಗಿನ ಸಾಧನೆಯೆಲ್ಲ ವ್ಯರ್ಥವಾಯಿತೆಂದು ಭಾವಿಸಬೇಕಿಲ್ಲ. ಗಾಯಕ್ಕೆ ಉಪಚಾರ ಪಡೆದು, ಆ ದಿನ ಏನು ನಡೆಯಿತೆಂದು ಆಪ್ತರೊಡನೆ ಅವಲೋಕಿಸಿ ಮುಂದುವರಿಯಬೇಕು.

ಇನ್ನು ಗುರುಗಳ ಹೊಣೆ. ಸುಡುಬೇಸಿಗೆಯಲ್ಲಿಯೂ ತುಂಬುತೋಳಿನ ಅಂಗಿಯನ್ನು ಬಿಡದ ಮಗುವನ್ನು ಕಂಡಾಗ ತರಗತಿಯಲ್ಲಿ ಎಲ್ಲರೆದುರು ಪ್ರಶ್ನಿಸಲಾಗದು. ಏಕಾಂತದಲ್ಲಿ ಕರೆದು, “ಬಹಳ ನೊಂದಿರುವಂತೆ ಕಾಣುತ್ತದಪ್ಪಾ, ಹೇಳುವುದಿದ್ದರೆ ಹೇಳು, ಕೇಳುತ್ತೇನೆ” ಎಂದರೆ ಸಾಕು. ಸಾಯುವ ವಿಚಾರವೇನಾದರೂ ಇದೆಯೇ ಎಂದು ನೇರವಾಗಿ, ಮೃದುವಾಗಿ ಕೇಳಬಹುದು. ಕೇಳಿದುದರಿಂದ ಆ ವಿಚಾರ ಹುಟ್ಟುವುದಿಲ್ಲ. ಇನ್ನು ಮಾಡುವುದಿಲ್ಲವೆಂದು ಆಣೆ ಹಾಕಿಸಬಾರದು. ಯಾರಿಗೂ ಹೇಳುವುದಿಲ್ಲವೆಂಬ ಭಾಷೆಯನ್ನೂ ಕೊಡಬಾರದು. ಮಗುವಿಗೆ ತಿಳಿಸಿಯೇ ಪಾಲಕರನ್ನೂ ವೈದ್ಯರನ್ನೂ ಸೇರಿಸಿಕೊಳ್ಳಬೇಕು; ಮನೆಯವರಿಂದಲೇ ಪೀಡೆಯಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಬೇಕು. ಬೆಳೆಗೆ ಸಿಂಪಡಿಸುವ ಔಷಧಗಳನ್ನು ಬೀಗದೊಳಗೆ ಇಡುವಂತೆ ಪಾಲಕರಿಗೆ ಹೇಳುವುದೂ ಕರ್ತವ್ಯವೇ.

ವೈದ್ಯರು ದೂರದ ಪಟ್ಟಣದಲ್ಲಿದ್ದಾರೆಂಬ ನೆಪಕ್ಕೆ ಈ ಸೀಮೆಯಲ್ಲಿ ಎಡೆಯಿಲ್ಲ. ಮನೋರೋಗದ ಚಿಕಿತ್ಸೆಯನ್ನು ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೇ ಕೊಡಬಹುದೆಂಬುದನ್ನು ಒಂದಿಡೀ ಜಿಲ್ಲೆಯ ಪ್ರಮಾಣದಲ್ಲಿ ಪ್ರಯೋಗಿಸಿ ನೋಡಿದ್ದು ಬಳ್ಳಾರಿ ಜಿಲ್ಲೆಯಲ್ಲಿಯೇ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನೇತೃತ್ವದಲ್ಲಿ 1985ರಲ್ಲಿ ಆರಂಭವಾದ ಆ ಯೋಜನೆಯಲ್ಲಿ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ನೀಡಲಾಯಿತು. ಇಂದು ವಿಜಯನಗರ ಜಿಲ್ಲೆಗೆ ಸೇರಿರುವ ಈ ಐದೂ ಊರುಗಳು ಆಗ ಬಳ್ಳಾರಿ ಜಿಲ್ಲೆಯಲ್ಲಿದ್ದವು. 1996ರಲ್ಲಿ ಭಾರತ ಸರ್ಕಾರವು ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯ ಮಾದರಿಯೇ ಆಧಾರ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮನಸ್ ಸೇವೆಯಲ್ಲಿ 14416ಕ್ಕೆ ಹಗಲಿರುಳೆನ್ನದೆ ಯಾವ ವೇಳೆಯಲ್ಲಿಯೂ ಕರೆಮಾಡಿ ಕನ್ನಡದಲ್ಲಿಯೇ ಉಚಿತವಾಗಿ ಮಾತನಾಡಬಹುದು. ಪೊಲೀಸರ ಭಯದಿಂದ ಆಸ್ಪತ್ರೆಗೆ ಹಿಂಜರಿಯುವವರೂ ಉಂಟು. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಮಾನಸಿಕ ಒತ್ತಡದಲ್ಲಿದ್ದವರೆಂದೇ ಭಾವಿಸಿ ಆರೈಕೆ ನೀಡಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ವಿಧಿಸಿದೆ.

ಮಠದ ಆಶ್ರಯದಲ್ಲಿ ನಡೆಯುವ ಶಾಲೆಗಳಲ್ಲಿ ಅನ್ನದಾಸೋಹ, ಜ್ಞಾನದಾಸೋಹಗಳ ಪರಂಪರೆ ಹಿರಿದಾದುದು. ನೊಂದ ಮಗುವಿನ ಪಕ್ಕದಲ್ಲಿ ನೀರಿಳಿಯುವವರೆಗೆ ಸುಮ್ಮನೆ ಕುಳಿತಿರುವುದೂ ಒಂದು ದಾಸೋಹವೇ. ಅದಕ್ಕೆ ಬೇಕಾದುದು ದ್ರವ್ಯವಲ್ಲ, ಒಂದು ಗಳಿಗೆಯ ಸಮಯ ಮತ್ತು ಜರೆಯದ ನಾಲಗೆ. ಹಳ್ಳವನ್ನು ದಾಟಬೇಕಾದವರು ಮಕ್ಕಳೇ ಆದರೂ, ದಡವಾಗಬೇಕಾದವರು ಹಿರಿಯರು.